ಬೀಗರ ಎರಡೂ ಕಣ್ಣಿಗೆ ಬಿದ್ದ ಕಸ

ಒಂದೇ ವಿಷಯದ ಮೇಲೆ ಪರವಾಗಿಯೂ ವಿರೋಧವಾಗಿಯೂ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಎರಡು ಕಪ್ ಗೆದ್ದವಳು ನಾನು. ‘ಮನೆಯವನೇ ಅಪರಾಧ ಮಾಡಿದರೆ ಮನೆಯವರೇ ಅವನನ್ನು ಪೊಲೀಸರಿಗೆ ಒಪ್ಪಿಸಬೇಕು’ ಎಂಬುದು ವಿಷಯ. ಕೊಪ್ಪಳದಲ್ಲಿ ಚೀಟಿ ಎತ್ತಿದಾಗ ‘ಪರ’ ಬಂತು. ಒಪ್ಪಿಸಲೇಬೇಕು ಎಂದು ಮೇಜು ಗುದ್ದಿ ಗೆದ್ದೆ. ಮುಂದಿನ ವರ್ಷ ಗಂಗಾವತಿಯಲ್ಲಿ ಅದೇ ವಿಷಯ, ಚೀಟಿಯಲ್ಲಿ ‘ವಿರೋಧ’. ಒಪ್ಪಿಸಿದವರು ಮನುಷ್ಯರೇ ಅಲ್ಲ ಎಂದು ಇನ್ನೊಂದು ಮೇಜು ಗುದ್ದಿ ಗೆದ್ದೆ. ಒಂದು ಕಪ್ಪಿನಲ್ಲಿ ಅವ್ವ ಊದಿನಕಡ್ಡಿ ಇಡುತ್ತಾಳೆ, ಇನ್ನೊಂದರಲ್ಲಿ ಚಮಚ. ಯಾವುದು ಪರದ್ದು, ಯಾವುದು ವಿರೋಧದ್ದು ಎಂದು ಈಗ ನನಗೂ ಗೊತ್ತಿಲ್ಲ.

ಜಂಬಕ್ಕೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಸೀಗಿ ಹುಣ್ಣಿವಿಗೆ ಅದೇ ವಿಷಯ ನಮ್ಮ ಮಾಮಾನ ಹೊಲದಲ್ಲಿ ಆಳೆತ್ತರ ಬೆಳೆದು, ಗಾಳಿಗೆ ತಲೆ ಆಡಿಸುತ್ತ ನಿಂತಿತ್ತು. ಅಲ್ಲಿ ಚೀಟಿ ಎತ್ತಿ ಕೊಡುವವರು ಯಾರೂ ಇರಲಿಲ್ಲ.

ಮಾಮಾ ಅಂದರೆ ಅವ್ವನ ಅಣ್ಣ. ಊರು ಯಲಬುರ್ಗಾದಿಂದ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿ, ಕೂಗಿದರೆ ಮಾತ್ರ ಬಸ್ಸು ನಿಲ್ಲುವಂಥದ್ದು. ನಾನು ಗಂಗಾವತಿಯವಳು; ವಾದ ಮಾಡುವ ಚಟಕ್ಕೆ ಮಾಮಾನ ಮನೆಯ ಕಡೆ ಎಲ್ಲರೂ ನನ್ನನ್ನು ‘ವಕೀಲರು’ ಎಂದೇ ಕರೆಯುತ್ತಾರೆ. ನಮ್ಮ ಕಡೆ ಕಾಲುವೆ, ಭತ್ತ, ರೈಸ್ ಮಿಲ್ಲಿನ ಧೂಳು. ಮಾಮಾನ ಕಡೆ ಕಪ್ಪುಮಣ್ಣಿನ ಎರಿ ಹೊಲ, ತೊಗರಿ, ಮತ್ತೆ ಎಲ್ಲಿ ನೋಡಿದರೂ ಆಕಾಶ. ಸೀಗಿ ಹುಣ್ಣಿವಿಗೆ ಹೊಲದಲ್ಲಿ ಚರಗ ಚೆಲ್ಲುವುದು ಆ ಕಡೆಯ ಪದ್ಧತಿ. ಬೆಳೆ ಹೊತ್ತ ಭೂಮಿ ಬಸುರಿ ಎಂದು ಭಾವನೆ; ಅವಳ ಬಯಕೆ ತೀರಿಸಲು ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಪುಟ್ಟಿಯಲ್ಲಿ ಹೊತ್ತು, ಹೊಲದ ನಾಲ್ಕೂ ಮೂಲೆ ಸುತ್ತಿ ಚೆಲ್ಲುತ್ತಾರೆ. ಮುಂದಿನವನು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾನೆ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವನು ‘ಚಲ್ಲಂಬ್ರಿಗೋ’ ಎನ್ನುತ್ತಾನೆ. ಹಾಗೆಂದರೆ ಏನು ಅಂತ ನಾನು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದೇನೆ. ನಮ್ಮ ಆಯಿಯದು, ಅಂದರೆ ಅವ್ವನ ತಾಯಿಯದು, ಒಂದೇ ಉತ್ತರ: “ಕೂಗೂದಕ್ಕೂ ಅರ್ಥ ಬೇಕೇನ ನಿನಗ? ಸುಮ್ನ ಕೂಗು.”

ಆ ವರ್ಷದ ಚರಗಕ್ಕೆ ಹೊಸ ಬೀಗರನ್ನು ಕರೆದಿದ್ದರು. ಮಾಮಾನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗನ ತಂದೆ ಕುಷ್ಟಗಿ ಕಡೆಯವರು, ಪೊಲೀಸ್ ಹವಾಲ್ದಾರರು. ದಪ್ಪ ಮೀಸೆ, ಮೆಲ್ಲನೆಯ ಮಾತು. ಬೀಗತನ ಬೆಳೆಸುವ ಮೊದಲು ಮಾಮಾ ಊರ ತುಂಬ ಹೇಳಿದ್ದ: “ಪೊಲೀಸರ ಮನಿಗೆ ಮಗಳನ್ನ ಕೊಡಾಕತ್ತೀನಿ. ಇನ್ನ ಯಾವನಪ್ಪಂದೂ ಅಂಜಿಕಿಲ್ಲ ನನಗ.”

ಹಿಂದಿನ ದಿನ ಮಧ್ಯಾಹ್ನ ನಾನು ಊರು ಮುಟ್ಟಿದಾಗ ಅತ್ತಿ, ಅಂದರೆ ಮಾಮಾನ ಹೆಂಡತಿ, ಪುಂಡಿಪಲ್ಯಕ್ಕೆ ಸೊಪ್ಪು ತರಲು ಹೊಲಕ್ಕೆ ಹೊರಟಿದ್ದಳು. ಪುಂಡಿಪಲ್ಯವಿಲ್ಲದೆ ಚರಗದ ಬುತ್ತಿ ಕಟ್ಟುವುದಿಲ್ಲ. ಹೊಲದ ಆಚೆ ತುದಿಯ ಬದುವಿಗೆ ಹಚ್ಚಿದ ಪುಂಡಿಯ ಸಾಲು ಹೆಂಗಸರ ಪಾಲು, ಗಂಡಸರು ಆ ಕಡೆ ಸುಳಿಯುವುದಿಲ್ಲ, ಕೇಳಿದರೆ “ಪಲ್ಯ ಹರಿಯಾಕ ನಾ ಏನ ಹೆಂಗಸೇನು?” ಎನ್ನುತ್ತಾರೆ. ಆದರೆ ಆ ಮಳೆಗಾಲದಲ್ಲಿ ಒಂದು ಪವಾಡ ನಡೆದಿತ್ತು. ಮಾಮಾನ ಮಗ, ನೀರಿನ ಲೋಟವನ್ನೂ ತಾನಾಗಿ ಎತ್ತಿಕೊಳ್ಳದ ಹುಡುಗ, “ಪುಂಡಿ ನಾ ತರತೀನಿ ಬಿಡವ್ವಾ, ನಿನಗ ಮಣಕಾಲ ನೋವು” ಎಂದು ತಾನೇ ಹರಿದು ತಂದುಕೊಡುತ್ತಿದ್ದ. ಮಗ ಸುಧಾರಿಸ್ಯಾನ ಎಂದು ಅತ್ತಿ ಓಣಿಯ ತುಂಬ ಹೇಳಿಕೊಂಡಿದ್ದಳು. ನಾನು ಪವಾಡಗಳನ್ನು ನಂಬುವವಳಲ್ಲ. ಆದರೆ ಪುಂಡಿಯ ಮೇಲೆ ಯಾರು ಅನುಮಾನ ಪಡುತ್ತಾರೆ?

ಅವತ್ತು ಹುಡುಗ ಮನೆಯಲ್ಲಿರಲಿಲ್ಲ. ಅದಕ್ಕೇ ನಾವಿಬ್ಬರು ಹೋದೆವು.

ಪುಂಡಿಯ ಎಲೆ ಬೆರಳು ಬೆರಳಾಗಿ ಒಡೆದಿರುತ್ತದೆ, ಅಂಚು ಗರಗಸ. ಅತ್ತಿ ಮಾತಾಡುತ್ತ ಹರಿಯುತ್ತಿದ್ದಳು: ಮಗಳ ಸೀರೆ, ಬೀಗತಿಯ ಸೊಕ್ಕು, ಹೋಳಿಗೆಯ ಹೂರಣ. ಸಾಲಿನ ನಡುವೆ ಅವಳ ಕೈ ನಿಂತಿತು, ಮಾತೂ ನಿಂತಿತು. ಅಲ್ಲಿ ಕೆಲವು ಗಿಡಗಳು ಪುಂಡಿಯ ಹಾಗೇ ಇದ್ದವು, ಆದರೆ ಪುಂಡಿಯಾಗಿರಲಿಲ್ಲ. ಬೆರಳು ಇನ್ನೂ ಸಪೂರ, ತುದಿಯಲ್ಲಿ ಅಂಟು ಗೊಂಚಲು, ಮೂಗಿಗೆ ಹೊಡೆಯುವ ವಾಸನೆ. ಪುಂಡಿಯ ಅವಳಿ ತಂಗಿ ಯಾರದೋ ಮದುವೆಗೆ ಬಂದು ಇಲ್ಲೇ ಉಳಿದುಬಿಟ್ಟಂತೆ.

“ಅತ್ತಿ,” ಎಂದೆ, “ಇದು ಗಾಂಜಾ.”

“ಗೊತ್ತೈತಿ.”

“ಯಾರು ಹಚ್ಚಿದ್ದು?”

ಅತ್ತಿ ನನ್ನ ಕಡೆ ನೋಡಲಿಲ್ಲ. “ಎರಡ ತಿಂಗಳಿಂದ ಪುಂಡಿ ಯಾರ ತರಾಕತ್ತಿದ್ರು?” ಎಂದಳು.

ಸಂಜೆ ದನದ ಮನೆಯಲ್ಲಿ ಪಂಚಾಯ್ತಿ. ಮಾಮಾ, ಅತ್ತಿ, ನಾನು, ಮತ್ತೆ ಎಮ್ಮೆಯ ಬೆನ್ನಿಗೆ ಆತುಕೊಂಡು ನಿಂತ ಆರೋಪಿ. ಆಯಿಗೆ ಗೊತ್ತಾಗಬಾರದು, ಮಗಳಿಗಂತೂ ಗೊತ್ತಾಗಲೇಬಾರದು. ಹುಡುಗ ಮೊದಲು ತಾನಾಗೇ ಹುಟ್ಟ್ಯಾವ ಎಂದ. ಆಮೇಲೆ ಪಕ್ಷಿ ಬೀಜ ಹಾಕಿರಬೇಕು ಎಂದ.

“ಪಕ್ಷಿ ಸಾಲ ಹಿಡದು ಬಿತ್ತತಾವೇನಲೇ?” ಎಂದ ಮಾಮಾ, ಅವನ ಕಪಾಳಕ್ಕೊಂದು ಬಿಟ್ಟು.

ಆಗ ನಿಜ ಹೊರಬಿತ್ತು. ಗಂಗಾವತಿಯಲ್ಲಿ ಬೈಕ್ ರಿಪೇರಿಗೆ ಹೋದಾಗ ಗೆಳೆಯನಾದವನೊಬ್ಬ ಬೀಜ ಕೊಟ್ಟಿದ್ದ. ‘ನಾಕ ಗಿಡ, ಯಾರ ನೋಡ್ತಾರ? ಹೊಸ ಬೈಕ್ ಗ್ಯಾರಂಟಿ’ ಎಂದಿದ್ದ. ಗಿಡ ಮೊಳಕಾಲೆತ್ತರ ಆಗುವಷ್ಟರಲ್ಲಿ ಹುಡುಗನಿಗೆ ಅಂಜಿಕೆ ಬಂತು. ಅಕ್ಕನನ್ನು ಪೊಲೀಸರ ಮನೆಗೆ ಕೊಡುತ್ತಿದ್ದಾರೆ, ಕಿತ್ತು ಹಾಕುತ್ತೇನೆ ಎಂದು ಫೋನ್ ಮಾಡಿದ. ಆ ಕಡೆಯವನು ಬೈಯಲಿಲ್ಲ, ಕೂಗಲಿಲ್ಲ. ಒಂದು ಫೋಟೊ ಕಳಿಸಿದ. ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಬಸ್ಸಿಗೆ ಕಾಯುತ್ತ ನಿಂತದ್ದು. ಕೆಳಗೆ ಬರೆದಿದ್ದ: ‘ಲಗ್ನ ಯಾವಾಗ?’

ಹುಡುಗ ಎಮ್ಮೆಯ ಬೆನ್ನಿಗೆ ಮುಖ ಒತ್ತಿ ಅತ್ತ. “ಅಕ್ಕಗ ಏನರ ಮಾಡಿದ್ರ ಅಂತ ಸುಮ್ನಾದೆ” ಎಂದ.

ಮಾನ್ಯ ನಿರ್ಣಾಯಕರೇ, ನನ್ನ ಸ್ಥಿತಿ ಯೋಚಿಸಿ. ‘ಪರ’ದ ಎಲ್ಲಾ ಅಂಶಗಳೂ ‘ವಿರೋಧ’ದ ಎಲ್ಲಾ ಅಂಶಗಳೂ ಒಟ್ಟಿಗೇ ಬಾಯಿಗೆ ಬಂದವು. ಗಾಂಜಾ ಬೆಳೆದರೆ ಹತ್ತು ವರ್ಷದ ತನಕ ಶಿಕ್ಷೆ ಆಗಬಹುದು ಎಂದೆ. ನಮ್ಮ ಓಣಿಯ ಕೊನೆಯ ಮನೆಯ ಹುಡುಗನ ಮಾತೆತ್ತಿದೆ; ಸೇದಿ ಸೇದಿ ಅವನು ಒಂದು ದಿನ ತನ್ನ ತಾಯಿಯನ್ನೇ ‘ನೀ ಯಾರು?’ ಎಂದು ಕೇಳಿದ್ದನ್ನು ನಾನು ನಿಂತು ನೋಡಿದ್ದೆ. ಇವು ಅಂಥ ಹುಡುಗನಿಗೇ ಹೋಗಿ ಮುಟ್ಟುವ ಗಿಡಗಳು, ಹೇಳಿಬಿಡೋಣ ಎಂದೆ. ಮರುಕ್ಷಣವೇ, ಹೇಳಿದರೆ ಇವನ ಬಾಳು ಹೋಗುತ್ತದೆ, ಇವನ ಅಕ್ಕನ ಲಗ್ನ ಮುರಿಯುತ್ತದೆ ಎಂದೆ.

“ನೀ ಯಾರ ಕಡಿಯಾಕಿ?” ಎಂದ ಮಾಮಾ.

“ನಾನು ಎರಡೂ ಕಡೆ ಯೋಚನೆ ಮಾಡಾಕತ್ತೀನಿ.”

“ಹಂಗಾರ ಎಮ್ಮಿ ಜೋಡಿ ನಿಂದ್ರು. ಅದೂ ಎರಡೂ ಕಡಿ ತಲಿ ಆಡಸ್ತೈತಿ.”

ಈಗಲೇ ಕಿತ್ತು ಬಿಸಾಡಿದರೆ ಆಯಿತಲ್ಲ ಎಂದರೆ ಮಾಮಾ ಅದಕ್ಕೂ ಒಪ್ಪಲಿಲ್ಲ. ಸುಟ್ಟರೆ ಊರಿಗೆಲ್ಲ ವಾಸನೆ, ಹುಗಿದರೆ ನಾಯಿ ಕೆದರುತ್ತವೆ, ಹಳ್ಳಕ್ಕೆ ಹಾಕಿದರೆ ಮುಂದಿನ ಊರಿನ ದನ ತಿನ್ನುತ್ತವೆ, ಮತ್ತೆ ಫೋಟೊ ಕಳಿಸಿದವನು ಬಂದು ಮಾಲು ಎಲ್ಲಿ ಎಂದರೆ? ಅವನ ತೀರ್ಮಾನ ಇಷ್ಟು: ನಾಳೆ ಬೀಗರು ಬರಲಿ, ಉಣ್ಣಲಿ, ಹೋಗಲಿ. ಆಮೇಲೆ ನೋಡೋಣ. ಅಲ್ಲಿಯ ತನಕ ಬೀಗರ ಮುಖ ಪುಂಡಿಯ ಕಡೆ ತಿರುಗಬಾರದು.

ಅತ್ತಿ ಎದ್ದು ಕಡುಬಿಗೆ ಹಿಟ್ಟು ನಾದಲು ಹೋದಳು.

ಬೆಳಿಗ್ಗೆ ಮಗಳನ್ನು ಮನೆ ಕಾಯಲು ಬಿಟ್ಟು, ಚಕ್ಕಡಿಯಲ್ಲಿ ಬುತ್ತಿಯ ಪುಟ್ಟಿಗಳ ನಡುವೆ ಕೂತು ಹೊಲಕ್ಕೆ ಹೋಗುವಾಗ ಅತ್ತಿ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು: “ತಾವಾಗೇ ಹೋಗಿ ಹೇಳಿದ್ರ ಶಿಕ್ಷಾ ಕಡಿಮಿ ಆಗತೈತೇನು?”

“ಅತ್ತಿ, ಅದರಲ್ಲಿ ಹಲವು ಅಂಶಗಳಿವೆ. ಮೊದಲನೆಯದಾಗಿ...”

“ಹೌದ ಇಲ್ಲ ಹೇಳು.”

“ಗ್ಯಾರಂಟಿ ಇಲ್ಲ.”

“ಹೇಳದಿದ್ರ ಅವರು ನನ್ನ ಮಗಳ ಫೋಟೊ ಅಳಿಸ್ತಾರ ಅನ್ನೂದಕ್ಕ ಗ್ಯಾರಂಟಿ ಐತಿ?”

“ಇಲ್ಲ.”

“ಎರಡೂ ಕಡಿ ಇಲ್ಲ ಅಂದ್ರ ಸರಿಸಮ ಆತು ಬಿಡು,” ಎಂದು ರೊಟ್ಟಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಐದು ನಿಮಿಷದ ಭಾಷಣಕ್ಕೆ ತಯಾರಾದ ನನ್ನ ಬಾಯಿ ಹಾಗೇ ತೆರೆದಿತ್ತು. ಚಕ್ಕಡಿ ಕುಲುಕಿದಾಗ ನಾಲಿಗೆ ಕಚ್ಚಿಕೊಂಡೆ.

ಆವತ್ತಿನ ಹೊಲದ ವ್ಯವಸ್ಥೆ ಮಾಮಾ ಮಾಡಿದ್ದು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ. ಬೀಗರಿಗೆ ಹಾಸಿದ ಜಮಖಾನೆಯ ಮುಖ ರಸ್ತೆಯ ಕಡೆ, ಬೆನ್ನು ಪುಂಡಿಯ ಕಡೆ. ಅಷ್ಟು ಸಾಲದು ಎಂದು ಯಲಬುರ್ಗಾದ ಅತ್ತರಿನ ಅಂಗಡಿಯಿಂದ ಲೋಬಾನ ತಂದು, ಕೆಂಡದ ಮೇಲೆ ಮುಷ್ಟಿಗಟ್ಟಲೆ ಸುರಿದು ಹೊಗೆ ಎಬ್ಬಿಸಿದ್ದ. ಪಾಂಡವರು ಐದೂ ಜನ ಕಾಣದಾದರು.

“ದೇವರಿಗೆ ಉಸರ ಗಟ್ಟತೈತೋ,” ಎಂದು ಆಯಿ ಕೆಮ್ಮಿದಳು.

“ಭಕ್ತಿ ಬೇ,” ಎಂದ ಮಾಮಾ.

ಬೀಗರು ಮೋಟರ್ ಸೈಕಲ್ ಮೇಲೆ ಒಬ್ಬರೇ ಬಂದರು. ಬಿಳಿ ಅಂಗಿ, ಹೆಗಲಿಗೆ ಟವೆಲ್. ಬದುವಿನ ಮೇಲೆ ಗಾಡಿ ನಿಲ್ಲಿಸಿ ಇಳಿದವರು ಒಮ್ಮೆ ಗಾಳಿ ಮೂಸಿದರು. ನಾನು ನೋಡುತ್ತಲೇ ಇದ್ದೆ. ಅವರ ಮೀಸೆ ಒಂದು ಸಲ ಎದ್ದು ಕೆಳಗಿಳಿಯಿತು. ಆಮೇಲೆ ಅವರು ಟವೆಲ್ಲನ್ನು ಹೆಗಲಿಂದ ತೆಗೆದು ಮೂಗಿಗೆ ಕಟ್ಟಿಕೊಂಡರು.

“ನೆಗಡಿ ಆಗೈತ್ರಿ ಬೀಗರ. ಯಾವ ವಾಸನೀನೂ ಬರವಲ್ದು,” ಎಂದರು.

“ನೆಗಡೀನ್ರಿ?” ಮಾಮಾನ ಮುಖದಲ್ಲಿ ಅಂಥ ಆನಂದವನ್ನು ಮಗಳ ನಿಶ್ಚಯದ ದಿನವೂ ನಾನು ಕಂಡಿರಲಿಲ್ಲ. “ಭಾಳ ಛಲೋ ಆತು... ಅಂದ್ರ, ಪಾಪ! ಬರ್ರಿ, ಕುಂದರ್ರಿ, ಇಲ್ಲಿ, ಹಿಂಗ, ರಸ್ತಾದ ಕಡಿ ಮಾರಿ ಮಾಡಿ.”

“ಹೌದ್ರಿ, ರಸ್ತಾನ ನೋಡತೀನಿ. ನನಗ ರಸ್ತಾ ಅಂದ್ರ ಭಾಳ ಸೇರತೈತಿ.”

ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೆ ಎಲ್ಲ ಗೊತ್ತಾಗಿದೆ! ಇಷ್ಟು ವರ್ಷ ಖಾಕಿ ಹಾಕಿದ ಮೂಗು ಲೋಬಾನಕ್ಕೆ ಮೋಸ ಹೋಗುತ್ತದೆಯೇ? ಕಂಡರೆ ಹಿಡಿಯಬೇಕು, ಹಿಡಿದರೆ ಮಗನ ಮದುವೆ ಹೋಯಿತು. ಅದಕ್ಕೇ ಕಾಣದಿರಲು ಪಣ ತೊಟ್ಟಿದ್ದಾರೆ. ಮಾಮಾ ಇವರಿಂದ ಬಚ್ಚಿಡುತ್ತಿದ್ದಾನೆ, ಇವರು ಮಾಮಾನಿಂದ ಬಚ್ಚಿಟ್ಟುಕೊಳ್ಳುತ್ತಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಸಹಾಯ ಮಾಡುತ್ತಿದ್ದಾರೆ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ನನಗೆ ಹೊಟ್ಟೆಯ ಒಳಗಿಂದ ನಗು ಉಕ್ಕಿ ಬಂತು. ಭಯ ಇತ್ತು, ನಿಜ. ಎದುರಿಗೆ ಕೂತ ಹುಡುಗನ ಮುಖ ಸುಣ್ಣದ ಹಾಗಿತ್ತು. ಆದರೆ ಭಯ ಹೆಚ್ಚಾದಷ್ಟೂ ನಗು ಹೆಚ್ಚಾಗುವ ಸ್ವಭಾವ ನನ್ನದು. ನೀರು ಕುಡಿಯುವ ನೆಪದಲ್ಲಿ ತಂಬಿಗೆಯೊಳಗೆ ಮುಖ ತೂರಿಸಿ ನಕ್ಕೆ. ತಂಬಿಗೆ ಗೊಳಗೊಳ ಎಂದಿತು.

“ಏನಾತವ್ವಾ ವಕೀಲರಿಗೆ?” ಎಂದರು ಬೀಗರು, ರಸ್ತೆಯನ್ನೇ ನೋಡುತ್ತ.

“ಠಸಕಿ ಹತ್ತೈತ್ರಿ,” ಎಂದಳು ಅತ್ತಿ, ನನ್ನ ಬೆನ್ನಿಗೆ ಬೇಕಾದದ್ದಕ್ಕಿಂತ ಜೋರಾಗಿ ಗುದ್ದಿ.

ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತೇನೋ. ಆದರೆ ಉಣ್ಣುವ ಮೊದಲು ಚರಗ ಚೆಲ್ಲಬೇಕು. ಮಾಮಾ ಪುಟ್ಟಿ ಎತ್ತಿಕೊಂಡ. ನೀರಿನ ತಂಬಿಗೆಗೆ ನಾನು ಕೈ ಹಾಕಿದೆ. ಆಯಿ ನನ್ನ ಕೈಗೆ ಹೊಡೆದಳು.

“ಹೊಸ ಬೀಗರು ಬಂದಾಗ ನೀ ಯಾಕ? ಮರ್ಯಾದಿ ಗೊತ್ತಿಲ್ಲ? ನೀರ ಅವರ ಕೈಯಾಗ ಕೊಡು.”

ಬನ್ನಿಗಿಡದ ಕೆಳಗೆ ಎರಡು ಗಂಡಸರು ಒಂದೇ ಸಲ ಮಾತಾಡಿದರು.

“ಬ್ಯಾಡ ಬೇ, ಅವರಿಗೆ ಬಿಸಲ ಆಗತೈತಿ!”

“ಬ್ಯಾಡ್ರಿ ಅಮ್ಮಾರ, ನನ್ನ ಮಣಕಾಲ...”

“ಮೋಟರ್ ಸೈಕಲ್ ಹೊಡಿಯಾಕ ಮಣಕಾಲ ಅದಾವು, ಭೂಮಿತಾಯಿಗೆ ನೀರ ಹಾಕಾಕಿಲ್ಲೇನು?” ಎಂದಳು ಆಯಿ. “ನಾಕೂ ಮೂಲಿ ಮುಟ್ಟಿ ಬರ್ರಿ. ಒಂದ ಬಿಟ್ರೂ ನಡಿಯಂಗಿಲ್ಲ. ನಾ ಇಲ್ಲಿಂದ ನೋಡತಿರತೀನಿ.”

ಮೆರವಣಿಗೆ ಹೊರಟಿತು. ಮುಂದೆ ಮಾಮಾ, ಹಿಂದೆ ಬೀಗರು, ಅವರ ಹಿಂದೆ ಹುಡುಗ, ಕೊನೆಗೆ ನಾನು. ಅತ್ತಿ ಆಗಲೇ ಕಾಣೆಯಾಗಿದ್ದಳು. ನಾನು ಅದನ್ನು ಗಮನಿಸಲಿಲ್ಲ. ಮಾಮಾ ‘ಹುಲ್ಲುಲ್ಲಿಗೋ’ ಎಂದು ಕೂಗಿದ. ಯಾರೋ ಕುತ್ತಿಗೆ ಹಿಸುಕಿದಂಥ ದನಿ. ಬೀಗರು ಆಕಾಶ ನೋಡುತ್ತ, ವಿಮಾನ ಹುಡುಕುವವರ ಹಾಗೆ, ‘ಚಲ್ಲಂಬ್ರಿಗೋ’ ಎಂದರು. ನೀರು ಭೂಮಿತಾಯಿಗಿಂತ ಹೆಚ್ಚಾಗಿ ಮಾಮಾನ ಬೆನ್ನಿಗೆ ಬೀಳುತ್ತಿತ್ತು. ಒಂದು ಮೂಲೆ ಆಯಿತು, ಎರಡನೆಯದು ಆಯಿತು, ಮೂರನೆಯದೂ ಆಯಿತು. ಮುಂದೆ ಪುಂಡಿಯ ಬದು. ಮಾಮಾ ತೊಗರಿಯೊಳಗೆ ನುಸುಳಿ ಅಡ್ಡದಾರಿ ಹಿಡಿಯಲು ನೋಡಿದ.

“ಏ! ಮೂಲಿ ಕಡಿಬ್ಯಾಡೋ!” ಬನ್ನಿಗಿಡದ ಕೆಳಗಿಂದ ಆಯಿಯ ದನಿ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಈ ಮುದುಕಿಗೆ ಅಷ್ಟು ದೂರದ ತೊಗರಿ ಅಲ್ಲಾಡಿದ್ದು ಹೇಗೆ ಕಂಡಿತೋ!

ಬೇರೆ ದಾರಿಯಿಲ್ಲದೆ ಬದುವಿಗೆ ತಿರುಗಿದೆವು. ಆಗ ಬೀಗರು ಮಾಡಿದ ಕೆಲಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಎಡಗೈ ಮಾಮಾನ ಹೆಗಲ ಮೇಲಿಟ್ಟು, “ಕಣ್ಣಾಗ ಕಸ ಬಿದ್ದೈತ್ರಿ, ನೀವ ನಡಸ್ರಿ” ಎಂದರು. ಮೂಗಿಗೆ ಟವೆಲ್, ಕಣ್ಣು ಬಂದ್, ಕೈಯಲ್ಲಿ ತಂಬಿಗೆ. ‘ಚಲ್ಲಂಬ್ರಿಗೋ’ ಮಾತ್ರ ತಪ್ಪಲಿಲ್ಲ. ಮಾಮಾ ಅವರನ್ನು ಕುರುಡ ಸ್ವಾಮಿಯನ್ನು ಕರೆದೊಯ್ಯುವಷ್ಟು ಭಕ್ತಿಯಿಂದ ನಡೆಸುತ್ತಿದ್ದ. ನಾನು ನಕ್ಕು ನಕ್ಕು ತೊಗರಿಯ ಗಿಡ ಹಿಡಿದು ಕೂತುಬಿಟ್ಟೆ. ಹುಡುಗನಿಗೂ ನಗು ಬಂತು. ಹಿಂದಿನ ಸಂಜೆಯಿಂದ ಅತ್ತ ಹುಡುಗ ಹಲ್ಲು ಕಚ್ಚಿ ಹಿಡಿದರೂ ತಡೆಯಲಾಗದೆ, ಮೂಗಿನಿಂದ ನಕ್ಕ.

ಮತ್ತೆ ಎದುರಿಗೆ ನೋಡಿದರೆ ಪುಂಡಿಯ ನಡುವೆ ಅತ್ತಿ. ಗಾಂಜಾ ಗಿಡಗಳ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿ ಅಡ್ಡಗಟ್ಟಿ ನಿಂತಿದ್ದಳು.

“ಬೀಗರ, ಕಣ್ಣ ತೆಗೀರಿ.”

“ಕಸ ಬಿದ್ದೈತ್ರಿ ಅಕ್ಕಾರ.”

“ಎರಡೂ ಕಣ್ಣಾಗ?”

“ಎರಡರಾಗೂರಿ.”

ಮಾಮಾ “ಏ, ದಾರಿ ಬಿಡು” ಎಂದ. ಅತ್ತಿ ಬಿಡಲಿಲ್ಲ.

“ನನ್ನ ಮಗ ಗಾಂಜಾ ಹಚ್ಚ್ಯಾನ್ರಿ. ಇಲ್ಲೇ, ನಿಮ್ಮ ಮುಂದನ ಐತಿ.”

ಗಾಳಿಗೆ ತೊಗರಿ ಸರಸರ ಎಂದಿತು. ನಾನು ತೊಗರಿಯ ಗಿಡ ಬಿಟ್ಟು ಎದ್ದು ನಿಂತೆ.

“ಅಕ್ಕಾರ,” ಬೀಗರು ಕಣ್ಣು ಮುಚ್ಚಿಕೊಂಡೇ ಹೇಳಿದರು, ತುಂಬ ಮೆಲ್ಲಗೆ, “ನೀವು ಹೇಳಿಲ್ಲ, ನಾ ಕೇಳಿಲ್ಲ. ಇವತ್ತ ನಾ ಬೀಗ ಆಗಿ ಬಂದೀನಿ. ನಾಳಿಗೆ ಇಲ್ಲಿ ಗಿಡ ಇರಬಾರ್ದು. ಇಷ್ಟ ತಿಳ್ಕೋರಿ.”

“ನಾಳಿಗೆ ಗಿಡ ಇರಂಗಿಲ್ರಿ. ಆದ್ರ ಫೋಟೊ ಇರತೈತಿ.”

“ಯಾವ ಫೋಟೊ?”

ಅತ್ತಿ ಹೇಳಿದಳು. ಬಸ್ ಸ್ಟ್ಯಾಂಡ್, ಗಂಗಾವತಿಯ ಗೆಳೆಯ, ‘ಲಗ್ನ ಯಾವಾಗ?’ ಎಲ್ಲ ಹೇಳಿದಳು. ಅಳಲಿಲ್ಲ. “ನನಗ ಎರಡ ಮಕ್ಕಳ್ರಿ. ಗಿಡ ಕಿತ್ತು ಮುಚ್ಚಿದ್ರ ಇವ ಉಳದಾನು, ಆದ್ರ ಅವರು ನನ್ನ ಮಗಳ ಬೆನ್ನ ಬಿಡಂಗಿಲ್ಲ. ಇನ್ನ ಮ್ಯಾಲ ಆಕಿ ನಿಮ್ಮ ಮನಿ ಮಗಳು. ಆ ಫೋಟೊ ಈಗ ನಿಮ್ಮ ಸೊಸಿದು. ಬೇಕಾದ್ರ ಲಗ್ನ ಮುರೀರಿ, ನಾ ಏನೂ ಅನ್ನಂಗಿಲ್ಲ. ಆದ್ರ ಕಣ್ಣ ಮಾತ್ರ ಮುಚ್ಚಬ್ಯಾಡ್ರಿ.”

ಬೀಗರು ಕಣ್ಣು ತೆರೆದರು. ಟವೆಲ್ ಬಿಚ್ಚಿದರು. ಗಿಡಗಳನ್ನು ನೋಡಲಿಲ್ಲ, ಹುಡುಗನನ್ನು ನೋಡಿದರು.

“ಫೋನ ತಾ,” ಎಂದರು. ಫೋಟೊ ನೋಡಿದರು. ಅವರ ಮೀಸೆ ಈ ಸಲ ಅಲ್ಲಾಡಲಿಲ್ಲ. ಆ ಮೆಲ್ಲನೆಯ ದನಿಯಲ್ಲೇ ತಮ್ಮ ಫೋನಿನಿಂದ ಮಾಮಾನ ಊರು ಸೇರುವ ಠಾಣೆಗೆ ಮಾತಾಡಿದರು. ನಮ್ಮ ಬೀಗರ ಹೊಲ, ನಾನು ಇಲ್ಲೇ ಇದ್ದೇನೆ, ಹುಡುಗನ ತಾಯಿಯೇ ಹೇಳಿದ್ದಾರೆ, ಹುಡುಗನೂ ಇದ್ದಾನೆ, ಕೊಟ್ಟವನ ಹೆಸರು ಹೇಳುತ್ತಾನೆ. ಫೋನ್ ಇಟ್ಟು ಮಾಮಾನಿಗೆ ಅಂದರು: “ಮದಲ ಗೊತ್ತಾಗಿತ್ರಿ ಬೀಗರ. ಬಂದ ಕೂಡ್ಲೆ. ನಿಮ್ಮ ಲೋಬಾನ ಭಾಳ ಛಲೋ ಇತ್ತು, ಆದ್ರ ಅದನ್ನ ಮುಚ್ಚೂವಷ್ಟ ಅಲ್ಲ.”

ಜೀಪು ಬರುವ ತನಕ ಯಾರೂ ಗಿಡ ಮುಟ್ಟಲಿಲ್ಲ. ಆಯಿಗೆ ವಿಷಯ ತಿಳಿದು ಅವಳು ಮೊಮ್ಮಗನಿಗೆ ಬೈದ ಬೈಗುಳದಲ್ಲಿ ಅರ್ಧ ನನಗೇ ಹೊಸವು. ಆದರೆ ಪಿಎಸ್‌ಐ ಸಾಹೇಬರು ತಕ್ಕಡಿ, ಚೀಲ, ಅರಗು, ಸಿಬ್ಬಂದಿ ಸಮೇತ ಬಂದಿಳಿದಾಗ ಅವಳು ಮಾಡಿದ ಮೊದಲ ಕೆಲಸ ತಟ್ಟೆ ಹಾಕಿದ್ದು.

“ಅಮ್ಮಾ, ನಾವು ಡ್ಯೂಟಿ ಮ್ಯಾಲೆ ಬಂದೀವಿ. ಊಟ ಮಾಡಿದ್ರ ಪಂಚನಾಮೆ ಕೆಡತೈತಿ.”

“ಚರಗದ ದಿನ ಹೊಲಕ್ಕ ಬಂದವರು ಉಪಾಸ ಹೋದ್ರ ನಮ್ಮ ಬೆಳಿ ಕೆಡತೈತಿ. ಯಾವುದ ದೊಡ್ಡದು?”

ಇಲ್ಲಿ ನನ್ನ ತರಬೇತಿ ಕೆಲಸಕ್ಕೆ ಬಂತು ಎಂದು ಹೆಮ್ಮೆಯಿಂದ ಹೇಳುತ್ತೇನೆ. ಪಂಚನಾಮೆ ಮುಗಿದು ಸಹಿ ಆದಮೇಲೆ ಉಂಡರೆ ಯಾವುದೂ ಕೆಡುವುದಿಲ್ಲ ಎಂದು ವಾದಿಸಿ ಎರಡೂ ಪಕ್ಷಗಳನ್ನು ಒಪ್ಪಿಸಿದೆ. ಮತ್ತೆ, ತಾಯಿಯೇ ಮಾಹಿತಿ ಕೊಟ್ಟಳು ಎಂಬುದು ಕಾಗದದ ಮೇಲೆ ಬರಲೇಬೇಕು ಎಂದು ಪಟ್ಟು ಹಿಡಿದೆ. ಸಾಹೇಬರು “ಬರೀತೀವಿ ತಾಯಿ, ಉಸರ ಬಿಡಾಕ ಟೈಮ್ ಕೊಡ್ರಿ” ಎಂದರು. ಪಕ್ಕದ ಹೊಲದ ಚಾಚಾ ಸಾಕ್ಷಿಗೆ ಪಂಚನಾಗಿ ನಿಂತು, ಎಲೆಯೊಂದನ್ನು ಮೂಸಿ, “ತೌಬಾ, ನಾನೂ ಪುಂಡಿ ಅಂತ ತಿಳದಿದ್ದೆ. ಮನ್ನೆ ನಮ್ಮಾಕಿ ಹೇಳ್ಯಾಳು, ನಿಮ್ಮ ಪುಂಡಿ ಎಷ್ಟ ಛಲೋ ಬಂದೈತಿ ಅಂತ” ಎಂದ. ಒಬ್ಬ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ಆಮೇಲೆ ಎಲ್ಲರೂ ನಕ್ಕರು. ಹುಡುಗನೂ. ಅತ್ತಿ ಒಬ್ಬಳೇ ನಗಲಿಲ್ಲ. ಅವನ ತಟ್ಟೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಲೇ ಇದ್ದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಗ ಕೊಪ್ಪಳದ ಜೈಲಿನಲ್ಲಿ ಕೆಲವು ತಿಂಗಳಿದ್ದು ಜಾಮೀನಿನ ಮೇಲೆ ಬಂದ. ಕೇಸು ನಡೆದಿದೆ, ತಾರೀಖಿಗೆ ನಾನೂ ಜೊತೆಗೆ ಹೋಗುತ್ತೇನೆ, ಏನಾಗುತ್ತದೋ ಗೊತ್ತಿಲ್ಲ. ಗಂಗಾವತಿಯ ಗೆಳೆಯ ಅದೇ ವಾರ ಸಿಕ್ಕಿಬಿದ್ದ. ಅವನ ಫೋನಿನಲ್ಲಿ ಇಂಥವೇ ಫೋಟೊಗಳು ಇನ್ನೂ ಇದ್ದವಂತೆ, ಬೇರೆ ಬೇರೆ ಊರಿನ ಅಕ್ಕತಂಗಿಯರವು. ಮದುವೆ ಮುಂದಕ್ಕೆ ಹೋಯಿತು, ಮುರಿಯಲಿಲ್ಲ. ಬೀಗತಿ ಮುರಿಯಬೇಕು ಎಂದು ಹಟ ಹಿಡಿದಿದ್ದರಂತೆ. ಬೀಗರು “ನಾ ಆ ಹೊಲದಾಗ ನೀರ ಹಾಕೀನಿ” ಎಂದಷ್ಟೇ ಹೇಳಿದರಂತೆ.

ನಾನು ಅತ್ತಿಯ ಜೊತೆ ಈಗಲೂ ವಾದ ಮಾಡುತ್ತೇನೆ. ಬೀಗರು ಕಣ್ಣು ತೆರೆಯದೇ ಹೋಗಿದ್ದರೆ? ಹತ್ತು ವರ್ಷ ಆದರೆ? “ಆದ್ರ ಹತ್ತ ವರ್ಷ ಬುತ್ತಿ ಒಯ್ತೀನಿ,” ಎನ್ನುತ್ತಾಳೆ. ಇದು ವಾದವಲ್ಲ ಎಂದು ನಾನು. “ಹೌದು, ಅಲ್ಲ,” ಎಂದು ಅವಳು.

ಆವತ್ತು ಊಟ ಮುಗಿದು, ಚೀಲಕ್ಕೆ ಅರಗು ಬಿದ್ದು, ಹುಡುಗ ಜೀಪು ಹತ್ತಿದ. ಎಂಜಿನ್ ಶುರುವಾಯಿತು. ಅತ್ತಿ ಬನ್ನಿಗಿಡ ಹಿಡಿದು ನಿಂತಿದ್ದಳು, ಎರಡೂ ಕೈಯಿಂದ. ಆಗ ಆಯಿ ಕೋಲೆತ್ತಿ ಜೀಪಿಗೆ ಅಡ್ಡ ಬಂದಳು.

“ನಿಂದರಸ್ರಿ! ನಾಕನೇ ಮೂಲಿ ಉಳದೈತಿ!”

ನಿಜ. ಪುಂಡಿಯ ಬದುವಿನಲ್ಲಿ ನಿಂತ ಚರಗ ಅಲ್ಲೇ ನಿಂತಿತ್ತು. ಪುಟ್ಟಿಯ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಮಾಮಾ ಅದನ್ನು ಎತ್ತಿ ಮತ್ತೆ ಕೆಳಗಿಟ್ಟ, ಅವನಿಂದ ಆಗುವಂತಿರಲಿಲ್ಲ. ಸಾಹೇಬರು ಗಡಿಯಾರ ನೋಡಿದರು, ಆಯಿಯನ್ನು ನೋಡಿದರು, ಆಮೇಲೆ ಹುಡುಗನಿಗೆ ಕಣ್ಣಲ್ಲೇ ಇಳಿ ಎಂದರು.

ಅವನು ಪುಟ್ಟಿ ಹೊತ್ತ. ಬೀಗರು ಯಾರೂ ಹೇಳದೆ ತಂಬಿಗೆ ಎತ್ತಿಕೊಂಡರು. ಇಬ್ಬರು ಕಾನ್‌ಸ್ಟೇಬಲ್‌ಗಳು ಕಾವಲಿಗೆ ಹಿಂದೆ ನಡೆದರು. ಮೂಲೆ ಮುಟ್ಟಿ ಹುಡುಗ ಮುಷ್ಟಿ ತುಂಬ ತೆಗೆದು ತೊಗರಿಯ ಮೇಲೆ ಎಸೆದ.

“ಹುಲ್ಲುಲ್ಲಿಗೋ!”

ದನಿ ಒಡೆದಿತ್ತು, ಆದರೆ ಜೋರಾಗಿತ್ತು. ಬೀಗರು ಕಣ್ಣು ಬಿಟ್ಟುಕೊಂಡೇ ನೀರು ಚಿಮುಕಿಸಿ “ಚಲ್ಲಂಬ್ರಿಗೋ” ಎಂದರು. ಅವರೊಬ್ಬರದೇ ದನಿ ಅಲ್ಲ. ಕಾವಲಿಗೆ ಬಂದ ಇಬ್ಬರೂ ಯಾವುದೋ ಊರಿನ ಹೊಲದಲ್ಲಿ ಬೆಳೆದ ಮಕ್ಕಳೇ ಇರಬೇಕು, ಬಾಯಿ ತಡೆಯಲಿಲ್ಲ. ಜೀಪಿನ ಹತ್ತಿರದಿಂದ ಸಾಹೇಬರೂ ಕೂಗಿದರು. ಚಾಚಾ ಕೂಗಿದ, ಮಾಮಾ ಕೂಗಿದ. ಬನ್ನಿಗಿಡ ಬಿಟ್ಟು ಅತ್ತಿ ಕೂಗಿದಳು, ಎಲ್ಲರಿಗಿಂತ ಗಟ್ಟಿಯಾಗಿ.

ಹಾಗೆಂದರೆ ಏನು ಅಂತ ನಾನು ಕೇಳಲಿಲ್ಲ. ನಾನೂ ಕೂಗಿದೆ.